ಪೆಟ್ಟಿಗೆಯಲ್ಲಿ ಒಂದು ಕಡಿಮೆ

ಮಾಳಮಡ್ಡಿಯ ನಮ್ಮ ಮನೆಯ ನಡುಮನೆಗೆ ಕಿಟಕಿ ಇರಲಿಲ್ಲ. ಮುಂದಿನ ಪಡಸಾಲೆಯಿಂದ ಸ್ವಲ್ಪ, ಹಿಂದಿನ ಅಡುಗೆಮನೆಯಿಂದ ಸ್ವಲ್ಪ ಬೆಳಕು ಬಂದು ಅಲ್ಲಿ ಕೂಡುತ್ತಿತ್ತು. ಹಾಗಾಗಿ ನಡುಹಗಲಿನಲ್ಲೂ ಅಲ್ಲಿ ಸಂಜೆಯ ಹಾಗೆ ಇರುತ್ತಿತ್ತು. ಒಳಗಿನ ಗೋಡೆಗೆ ತಾಗಿ ಜಗಲಿ. ಬೇರೆ ಕಡೆಯವರು ಜಗಲಿ ಎಂದರೆ ಮನೆಯ ಮುಂದಿನ ಕಟ್ಟೆ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಅದು ದೇವರನ್ನು ಇಡುವ ಕಟ್ಟೆ. ಅದರ ಮೇಲೆ ಒಂದು ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಲಿಂಗ, ಪಕ್ಕದಲ್ಲಿ ವಿಭೂತಿಯ ಗಟ್ಟಿ, ದಿನಕ್ಕೊಂದು ಬಿಲ್ವದ ದಳ. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಸ್ನಾನವಾಗದೆ ಯಾರನ್ನೂ ಅದರ ಹತ್ತಿರ ಬಿಡುತ್ತಿರಲಿಲ್ಲ. ಅಪ್ಪ ಸರಕಾರಿ ಶಾಲೆಯ ಮಾಸ್ತರರು. ಏಳು ವರ್ಷ ಕಾದು ಸಿಕ್ಕಿದ ನೌಕರಿ. ಅಂಗಿಯ ಕಿಸೆಯಲ್ಲಿ ಮರೆತು ಬಂದ ಸುಣ್ಣದಕಡ್ಡಿಯ ತುಂಡನ್ನೂ ಮರುದಿನ ಶಾಲೆಗೆ ಒಯ್ದು ಇಟ್ಟು ಬರುತ್ತಿದ್ದರು. ಅವ್ವ ಅದಕ್ಕೆ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಸರಕಾರ ಎಂಬುದು ತುಂಡು ಸುಣ್ಣದಕಡ್ಡಿಯನ್ನೂ ಲೆಕ್ಕವಿಟ್ಟು ಕೇಳುವ ಒಂದು ಪ್ರಾಣಿ ಎಂದು ನಾನು ಆಗಲೇ ನಂಬಿದ್ದೆ.

ನನಗೆ ಒಂಬತ್ತು ತುಂಬಿದ ವರ್ಷ ದಿಲ್ಲಿಯ ಸರಕಾರ ಅರ್ಧಕ್ಕೇ ಬಿದ್ದು, ಹೊತ್ತಲ್ಲದ ಹೊತ್ತಿನಲ್ಲಿ ಲೋಕಸಭೆಯ ಚುನಾವಣೆ ಬಂತು. ಶಿವರಾತ್ರಿಯ ಸುಮಾರು, ನಮ್ಮ ವಾರ್ಷಿಕ ಪರೀಕ್ಷೆಗೆ ಮುಂಚೆ. ಐದು ವರ್ಷಕ್ಕೆಂದು ಕೊಟ್ಟ ಓಟು ಎರಡು ವರ್ಷಕ್ಕೂ ಬಾಳಿಕೆ ಬರಲಿಲ್ಲವೆಂದು ಓಣಿಯವರು ನಳದ ಸರದಿಯಲ್ಲಿ ನಿಂತು ಬೈದುಕೊಳ್ಳುತ್ತಿದ್ದರು. ಆಯಿ ಮಾತ್ರ ತನ್ನ ಎಡಗೈ ಬೆರಳನ್ನು ಮುಂದೆ ಹಿಡಿದು ತೋರಿಸುತ್ತಿದ್ದಳು.

"ಹೋದ ಸರ್ತಿ ಹಚ್ಚಿದ ಮಸಿ ಇನ್ನೂ ಉಗರಾಗಿಂದ ಹೋಗಿಲ್ಲ. ಮತ್ತ ಬಂದ್ರು ನೋಡ ಹಚ್ಚಾಕ."

ಆ ಸಲ ಮತ ಕೇಳಲು ಬಂದವರು ಕೈಮುಗಿದು ಹೋಗುವುದಷ್ಟೇ ಮಾಡಲಿಲ್ಲ. ಮಾತು ಪಡೆದುಕೊಂಡು ಹೋದರು. ನಮ್ಮ ಕಡೆ ಬರೀ 'ಹೂಂ' ಅಂದರೆ ಮಾತು ಕೊಟ್ಟಂತಲ್ಲ; ಏನನ್ನಾದರೂ ಮುಟ್ಟಿ ಹೇಳಬೇಕು. ಮೊದಲು ಬಂದವರು ಶಿರಗುಪ್ಪಿಯ ಅಜ್ಜ, ಆಯಿಯ ತಮ್ಮ. ಹೊಲದ ಕೆಲಸ ಬಿಟ್ಟು ಒಂದು ಪಕ್ಷದ ಸಲುವಾಗಿ ಬೀಗರ ಮನೆ, ನೆಂಟರ ಮನೆ ಎಂದು ತಿರುಗುತ್ತಿದ್ದರು. ಪಡಸಾಲೆಯಲ್ಲಿ ಚಹಾ ಕುಡಿದು, ಚೀಲದಿಂದ ವಿಭೂತಿ ತೆಗೆದರು.

"ಅಕ್ಕಾ, ಈಬತ್ತಿ ಮುಟ್ಟಿ ಹೇಳು. ತವರಮನಿಗೆ ಹಾಕ್ತೀಯೋ, ಮಂದಿಗೆ ಹಾಕ್ತೀಯೋ?"

"ತವರಮನಿ ಯಾವಾಗ ಎಲೆಕ್ಷನ್ನಿಗೆ ನಿಂತಿತೋ ತಮ್ಮಾ?"

"ನಗಬ್ಯಾಡಬೇ. ನಾನು ಊರಾಗ ಎಲ್ಲಾರ ಮುಂದ ಹೇಳಿ ಬಂದೇನಿ, ನಮ್ಮ ಅಕ್ಕನ ಓಟು ನಂದ ಅಂತ."

ಆಯಿ ವಿಭೂತಿ ಮುಟ್ಟಿ ಹಣೆಗೆ ಹಚ್ಚಿಕೊಂಡಳು.

ಎರಡು ದಿನ ಬಿಟ್ಟು ಪಕ್ಕದ ಮನೆಯ ಗೌರಕ್ಕ ಬಂದಳು. ಅವಳ ಮಗ ಇನ್ನೊಂದು ಪಕ್ಷದಲ್ಲಿ ಓಡಾಡುತ್ತಿದ್ದ. ನಮ್ಮ ಓಣಿಯ ಇಷ್ಟು ಓಟು ತರುತ್ತೇನೆಂದು ಹಿರಿಯರಿಗೆ ಒಪ್ಪಿಕೊಂಡಿದ್ದ. ಹಿಂದಿನ ಮಳೆಗಾಲದಲ್ಲಿ ಆಯಿಗೆ ವಿಷಮಜ್ವರ ಬಂದು ಮೂರು ವಾರ ಮಲಗಿದ್ದಾಗ, ಅವ್ವ ತವರಿನಲ್ಲಿ ಸಿಕ್ಕಿಕೊಂಡಿದ್ದಾಗ, ಆಯಿಗೆ ಗಂಜಿ ಕುಡಿಸಿ ಬಟ್ಟೆ ಬದಲಿಸಿದವಳು ಈ ಗೌರಕ್ಕ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾನು ಆಯಿಯ ಮುಂದೆ ಕುಳಿತಿದ್ದೆ; ಆಯಿ ನನಗೆ ಹೆರಳು ಹಾಕುತ್ತಿದ್ದಳು.

"ಯಮ್ಮಾ, ನನ್ನ ಮಗನ ಮಾನ ನಿಮ್ಮ ಕೈಯಾಗ ಐತ್ರಿ," ಎಂದಳು ಗೌರಕ್ಕ. "ಹುಡುಗಿ ತಲಿ ಮ್ಯಾಲ ಕೈ ಇಟ್ಟು ಹೇಳ್ರಿ ಸಾಕು."

ನನ್ನ ತಲೆಯ ಮೇಲೆ ಆಯಿಯ ಕೈ ಮೊದಲೇ ಇತ್ತು. ಅದು ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಭಾರವಾಯಿತು.

"ಹೂಂ. ನಿನಗ ಹಾಕ್ತೀನಿ."

ಆಣೆ ಮುರಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಯಾರ ತಲೆ ಮುಟ್ಟಿರುತ್ತಾರೋ ಅವರು ಬಾಡುತ್ತಾರೆ, ಒಣಗುತ್ತಾರೆ, ಹೋಗುತ್ತಾರೆ. ವಿಭೂತಿ ಮುಟ್ಟಿದ್ದನ್ನೂ ನಾನು ನೋಡಿದ್ದೆ, ಈಗ ನನ್ನ ತಲೆಯನ್ನೂ. ಎರಡರಲ್ಲಿ ಒಂದು ಸುಳ್ಳಾಗಲೇಬೇಕು ಎಂಬುದು ನನ್ನ ಶಾಲೆಯ ಲೆಕ್ಕಗಳಿಗಿಂತ ಸುಲಭವಾಗಿ ತಿಳಿಯಿತು. ಆ ವಾರ ನಾನು ಹೆಚ್ಚು ಉಣ್ಣಲಿಲ್ಲ. ಮಗುಚಿ ಮಲಗಿದರೂ ಒಂದು ಕೈ ನೆತ್ತಿಯ ಮೇಲೆ ಇಟ್ಟುಕೊಂಡೇ ಮಲಗುತ್ತಿದ್ದೆ. ಅವ್ವ ಕೇಳಿದರೆ ತಲೆನೋವು ಎಂದೆ. ಅವಳು ಹರಳೆಣ್ಣೆ ಹಚ್ಚಿದಳು.

ಮತದಾನದ ದಿನ ಅಪ್ಪ ಮನೆಯಲ್ಲಿರಲಿಲ್ಲ. ಬೈರಿದೇವರಕೊಪ್ಪದ ಒಂದು ಮತಗಟ್ಟೆಯಲ್ಲಿ ಅವರಿಗೆ ಕೆಲಸ ಹಚ್ಚಿದ್ದರು. ಅವ್ವ ಬೆಳಿಗ್ಗೆಯೇ ಹೋಗಿ ಓಟು ಹಾಕಿ ಬಂದಳು. ಆಯಿ ಊಟ ಮಾಡಿ, ಇಳಕಲ್ ಸೀರೆ ಉಟ್ಟು, ನನ್ನ ಕೈ ಹಿಡಿದು ಹೊರಟಳು. ಹತ್ತಿರದ ಒಂದು ಶಾಲೆಯಲ್ಲಿ ನಮ್ಮ ಮತಗಟ್ಟೆ. ಆಗೆಲ್ಲ ಕಾಗದದ ಮತಪತ್ರ. ಅಧಿಕಾರಿ ಹಿಂದೆ ಸಹಿ ಮಾಡಿ ಕೊಟ್ಟದ್ದನ್ನು ಗೋಣಿತಟ್ಟಿನ ಮರೆಗೆ ಒಯ್ದು, ಬೇಕಾದ ಚಿಹ್ನೆಯ ಮೇಲೆ ರಬ್ಬರಿನ ಮುದ್ರೆ ಒತ್ತಿ, ಮಡಚಿ, ಎಲ್ಲರ ಕಣ್ಣಮುಂದೆ ತಗಡಿನ ಪೆಟ್ಟಿಗೆಯಲ್ಲಿ ಹಾಕಬೇಕು. ಆಯಿ ಮರೆಯಲ್ಲಿ ಬಹಳ ಹೊತ್ತು ನಿಂತಳು. ಸೀರೆಯ ಅಂಚಿನ ಕೆಳಗೆ ಅವಳ ಕಾಲುಗಳಷ್ಟೇ ಕಾಣುತ್ತಿದ್ದವು. ಮುದ್ರೆ ಮೇಜಿಗೆ ಬಡಿಯುವ ಸಪ್ಪಳಕ್ಕೆ ನಾನು ಕಿವಿಗೊಟ್ಟು ನಿಂತಿದ್ದೆ, ಕೇಳಲಿಲ್ಲ. ಅವಳು ಹೊರಗೆ ಬಂದಾಗ ಬಾಗಿಲಲ್ಲಿ ಯಾರದೋ ಹೆಸರು ಪಟ್ಟಿಯಲ್ಲಿಲ್ಲವೆಂದು ಜಗಳ ಹತ್ತಿತ್ತು. ಅಧಿಕಾರಿಗಳೆಲ್ಲ ಅತ್ತ ನೋಡುತ್ತಿದ್ದರು. ಆಯಿ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಸೆರಗು ಕೈಯನ್ನು ಮುಚ್ಚಿತು. ಕೈ ಹಿಂದೆ ಬಂದಾಗ ಸೊಂಟದ ಉಡಿಯ ಕಡೆ ಹೋಯಿತು.

"ಹಾಕಿದ್ರೇನ್ರಿ ಅಜ್ಜಿ?" ಮೇಜಿನ ಹಿಂದಿನವರು ಕೇಳಿದರು.

"ಹೂಂ ರೀ, ಹಾಕಿದೆ."

ಆಯಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನೆಗೆ ಬಂದು ಕೈಕಾಲು ತೊಳೆದು, ಉಡಿಯಿಂದ ಮಡಚಿದ ಕಾಗದ ತೆಗೆದು, ಹಿತ್ತಾಳೆ ತಟ್ಟೆಯನ್ನು ಎತ್ತಿ ಅದರ ಕೆಳಗೆ ಇಟ್ಟಳು. ಹೊರಳಿದಾಗ ನಾನು ನಿಂತಿದ್ದೆ.

"ಯಾರಿಗೂ ಒತ್ತಿಲ್ಲ," ಎಂದಳು ಮೆಲ್ಲಗೆ, ನನಗೆ ಹೇಳಿದಳೋ ಲಿಂಗಕ್ಕೆ ಹೇಳಿದಳೋ. "ಇಬ್ಬರಿಗೂ ಮಾತು ಕೊಟ್ಟೇನಿ. ಇಲ್ಲೇ ಇರ್ಲಿ. ಆ ಶಿವನೇ ನೋಡ್ಕೊಳ್ಳಿ." ನಂತರ ನನ್ನ ಗಲ್ಲ ಹಿಡಿದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನ್ನ ತಲಿ ಮ್ಯಾಲ ಆಣಿ ಐತಿ, ನೆನಪಿಟ್ಕೋ."

ನನ್ನನ್ನು ಉಳಿಸಲೆಂದೇ ಅವಳು ಹಾಗೆ ಮಾಡಿದ್ದಳು ಎಂಬುದು ಈಗ ಅರ್ಥವಾಗುತ್ತದೆ. ಆಗ ತಿಳಿದದ್ದು ಇಷ್ಟೇ: ಬಾಯಿ ಬಿಟ್ಟರೆ ಸಾಯುತ್ತೇನೆ.

ಎಣಿಕೆಗೂ ಅಪ್ಪನಿಗೆ ಆದೇಶ ಬಂತು. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋದವರು ಮರುದಿನ ಬೆಳಿಗ್ಗೆ ಬಂದರು. ಆ ಹಗಲೆಲ್ಲ ಗೌರಕ್ಕನ ಮನೆಯ ರೇಡಿಯೊ ಗೋಡೆಯಾಚೆಯಿಂದ ನಮ್ಮ ಮನೆಗೂ ಕೇಳುತ್ತಿತ್ತು. ಒಮ್ಮೆ ಇವರು ಮುಂದೆ, ಒಮ್ಮೆ ಅವರು ಮುಂದೆ. ಊರಿಗೆ ಊರೇ ಯಾರು ಗೆಲ್ಲುತ್ತಾರೆಂದು ಕಾಯುತ್ತಿದ್ದರೆ, ನಾನು ಒಂದೇ ಒಂದನ್ನು ಬೇಡುತ್ತಿದ್ದೆ: ಯಾರಾದರೂ ಗೆಲ್ಲಲಿ, ಬಹಳ ದೊಡ್ಡದಾಗಿ ಗೆಲ್ಲಲಿ. ಒಂದು ಕಾಗದ ಯಾರಿಗೂ ಬೇಕಾಗದಷ್ಟು.

ಅಪ್ಪ ಬಂದವರೇ ಪಡಸಾಲೆಯಲ್ಲಿ ಚಪ್ಪಲಿಯನ್ನೂ ಬಿಡದೆ ಕುಳಿತರು. ಅವ್ವ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿಗಳು ಹಾಗೇ ಇದ್ದವು, ಆದರೆ ಕಟ್ಟಿಕೊಟ್ಟಂತೆ ಇರಲಿಲ್ಲ. ಯಾರೋ ಒಂದೊಂದಾಗಿ ಬಿಡಿಸಿ ಮತ್ತೆ ಒತ್ತಿಟ್ಟಿದ್ದರು. ಅಂಚುಗಳು ಮುರಿದಿದ್ದವು. ಶೇಂಗಾ ಚಟ್ನಿ ಬಟ್ಟೆಗೆಲ್ಲ ಹತ್ತಿತ್ತು.

"ಯಾರು ಮಾಡಿದ್ರು ರೀ ಇದನ್ನ?"

"ಹುಡುಕಿದ್ರು," ಎಂದರು ಅಪ್ಪ.

ಪೆಟ್ಟಿಗೆಗಳನ್ನು ಮೇಜಿನ ಮೇಲೆ ಸುರಿದಾಗ ಮೊದಲು ಒಳಗಿನ ಕಾಗದಗಳನ್ನು ಎಣಿಸಿ, ಮತಗಟ್ಟೆಯವರು ಬರೆದುಕೊಟ್ಟ ಲೆಕ್ಕಕ್ಕೆ ತಾಳೆ ಹಾಕಬೇಕಂತೆ. ಅಪ್ಪನ ಮೇಜಿಗೆ ನಮ್ಮ ಓಣಿಯ ಪೆಟ್ಟಿಗೆಯೇ ಬಂತು. ಎಣಿಸಿದರು. ಒಂದು ಕಡಿಮೆ. ಮತ್ತೆ ಎಣಿಸಿದರು. ಜೊತೆಯವರು, ಎರಡು ಅಂಟಿಕೊಂಡಿರಬೇಕು ಬಿಡ್ರಿ ಮಾಸ್ತರ, ಸರಿ ಅಂತ ಬರೀರಿ ಎಂದರು. ಅಪ್ಪ ಬಿಡಲಿಲ್ಲ. ಎದ್ದು ನಿಂತು, ಒಂದು ಕಡಿಮೆ ಇದೆ ಎಂದು ಮೇಲಿನವರಿಗೆ ಕೇಳುವಂತೆ ಹೇಳಿದರು. ತಂತಿಯ ಜಾಳಿಗೆಯಾಚೆ ನಿಂತಿದ್ದ ಪಕ್ಷದ ಏಜೆಂಟರಲ್ಲಿ ಒಬ್ಬ ಕೂಗಿದನಂತೆ: ಈ ಮಾಸ್ತರು ಅದೇ ಓಣಿಯವರು, ಇವರ ಸೋದರಮಾವ ಶಿರಗುಪ್ಪಿಯಲ್ಲಿ ಆ ಪಕ್ಷದವರು, ಇವರೇ ತೆಗೆದಿದ್ದಾರೆ. ಅಷ್ಟೇ ಸಾಕಾಯಿತು. ಅಪ್ಪನ ಕಿಸೆ ನೋಡಿದರು, ಬನಿಯನ್ ನೋಡಿದರು, ಚಪ್ಪಲಿ ಬಿಡಿಸಿ ನೋಡಿದರು, ರೊಟ್ಟಿ ಬಿಡಿಸಿ ನೋಡಿದರು. ಏನೂ ಸಿಗಲಿಲ್ಲ. ಆ ಮೇಜಿಗೆ ಬೇರೆ ಮಾಸ್ತರನ್ನು ಕೂರಿಸಿ, ಅಪ್ಪನನ್ನು ಗೋಡೆಯ ಬದಿಗೆ ಒಂದು ಬಾಕಿನ ಮೇಲೆ ಬೆಳಗಿನ ತನಕ ಕೂರಿಸಿದರು. ಮೂರು ದಿನದಲ್ಲಿ ಲಿಖಿತ ವಿವರಣೆ ಕೊಡಬೇಕು, ಇಲ್ಲವಾದರೆ ಅಮಾನತು.

"ಕಡಿಮಿ ಐತಿ ಅಂತ ಹೇಳಿದವರ ನೀವು. ಕದ್ದವರು ತಾವ ಹೇಳ್ತಾರೇನ್ರಿ?" ಎಂದಳು ಅವ್ವ.

"ಅದನ್ನ ನಾನೂ ಕೇಳಿದೆ. ಭಾಳ ಶಾಣ್ಯಾ ಕಳ್ಳರು ಹಂಗ ಮಾಡ್ತಾರಂತ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಯಿ ಕಟ್ಟಿಗೆಯ ಚೌಕಟ್ಟನ್ನು ಹಿಡಿದುಕೊಂಡಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಫಲಿತಾಂಶ ಬಂತು. ದೊಡ್ಡ ಅಂತರದ ಗೆಲುವು; ನನ್ನ ಬೇಡಿಕೆ ಈಡೇರಿತ್ತು, ಉಪಯೋಗವಾಗಲಿಲ್ಲ. ಓಣಿಯಲ್ಲಿ ಪಟಾಕಿ ಹಾರಿತು, ಗುಲಾಲು ಎರಚಿದರು. ಶಿರಗುಪ್ಪಿಯ ಅಜ್ಜ ಮೈಯೆಲ್ಲ ಕೆಂಪಾಗಿ ಬಂದು ಆಯಿಯ ಬಾಯಿಗೆ ಸಕ್ಕರೆ ಹಾಕಿದರು.

"ನಿನ್ನ ಮಾತು ಉಳೀತು ನೋಡಕ್ಕಾ. ನಿನ್ನ ಓಟಿಂದ ಗೆದ್ವಿ."

ಆಯಿ ಸಕ್ಕರೆಯನ್ನು ನುಂಗಲಾರದೆ ಬಾಯಲ್ಲೇ ಇಟ್ಟುಕೊಂಡು ನಿಂತಳು. ಅವರು ಹೋದ ಮೇಲೆ ಗೌರಕ್ಕ ಹಿತ್ತಿಲ ಗೋಡೆಯ ಮೇಲಿಂದ ಮುಖ ತೋರಿಸಿದಳು. ಅತ್ತಿದ್ದಳು.

"ಸೋತ್ವಿ ಖರೇ. ಆದ್ರ ನೀವರ ಕೈ ಬಿಡ್ಲಿಲ್ಲಲ್ರೀ ಯಮ್ಮಾ. ಅದನ್ನ ಮರಿಯೂದಿಲ್ಲ."

ಒಂದೇ ಮುಂಜಾನೆ ಎರಡು ಮನೆಯವರು ಆಯಿಗೆ ಉಪಕಾರ ಹೇಳಿ ಹೋದರು. ಅವಳು ಇಬ್ಬರಿಗೂ ತಲೆಯಾಡಿಸಿದಳು. ಅವತ್ತು ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಅಪ್ಪನೂ ಏಳಲಿಲ್ಲ. ಅವ್ವ ನನ್ನ ತಾಟಿಗಷ್ಟೇ ಬಡಿಸಿ, ತಾನು ಗೋಡೆ ನೋಡುತ್ತ ಕುಳಿತಳು. ನೌಕರಿ ಹೋದರೆ ಈ ಮನೆ ಬಿಡಬೇಕಾಗುತ್ತದೆ, ಊರಲ್ಲಿ ಎಲ್ಲಿ ಹೋದರೂ ಓಟು ಕದ್ದ ಮಾಸ್ತರ ಮನೆಯವರು ಎನ್ನುತ್ತಾರೆ ಎಂದು ಅಪ್ಪ ಒಳಗಿನಿಂದ ಹೇಳಿದ್ದು ಕೇಳಿಸಿತು. ಅಪ್ಪ ಆ ಮಾತನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅವರ ದನಿ ನಡುಗುತ್ತಿತ್ತು. ಅಪ್ಪನಿಗೂ ಅಂಜಿಕೆ ಆಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮರುದಿನ ಶಾಲೆಗೆ ಹೋಗಿ ಗೆಳತಿಯಿಂದ ತಂದಿದ್ದ ಕಂಪಾಸು ಪೆಟ್ಟಿಗೆಯನ್ನು ತಿರುಗಿ ಕೊಟ್ಟೆ. ಮನೆಗೆ ಬಂದು ಪಾಟಿಚೀಲದ ಪುಸ್ತಕಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಹೊಂದಿಸಿದೆ. ಮುಖ ತೊಳೆದು ತಲೆ ಬಾಚಿಕೊಂಡೆ. ಸತ್ತಾಗ ನೋಡಲು ಬರುವ ಮಂದಿಗೆ ನಾನು ಅಚ್ಚುಕಟ್ಟಾಗಿ ಕಾಣಬೇಕಿತ್ತು. ಅಪ್ಪ ಪಡಸಾಲೆಯಲ್ಲಿ ಖಾಲಿ ಹಾಳೆಯ ಮುಂದೆ ಕುಳಿತಿದ್ದರು. ನಾನು ಅವರ ಹತ್ತಿರ ನಿಂತು, ಕಣ್ಣು ಗಟ್ಟಿಯಾಗಿ ಮುಚ್ಚಿ ಹೇಳಿದೆ.

"ಅಪ್ಪಾ, ಅದು ಜಗಲಿ ಮ್ಯಾಲ ಐತಿ. ತಾಟಿನ ಕೆಳಗ."

ಕಣ್ಣು ತೆರೆದಾಗ ಅಪ್ಪ ಅಲ್ಲಿರಲಿಲ್ಲ. ಸ್ನಾನವಿಲ್ಲದೆ, ಬೆಳಿಗ್ಗೆಯ ಧೋತರದಲ್ಲೇ ನಡುಮನೆಗೆ ಹೋಗಿ ತಟ್ಟೆಯನ್ನು ಎತ್ತಿದ್ದರು. ಮಡಿಕೆ ಬಿಡಿಸಿ ಮೊದಲು ಹಿಂದಿನ ಸಹಿ ನೋಡಿದರು, ಆಮೇಲೆ ಮುಂದೆ. ಚಿಹ್ನೆಗಳ ಸಾಲಿನಲ್ಲಿ ಎಲ್ಲೂ ಮುದ್ರೆಯಿರಲಿಲ್ಲ. ಒಂದು ಮೂಲೆಗೆ ವಿಭೂತಿಯ ಬೆರಳಚ್ಚು ಮಾತ್ರ. ಆಯಿ ಗೋಡೆಗೆ ಒರಗಿ ಕುಳಿತಿದ್ದಳು. ಎಲ್ಲವನ್ನೂ ತಾನೇ ಹೇಳಿದಳು, ನಿಲ್ಲಿಸದೆ, ಒಂದು ಸಲವೂ ಅಳದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಹಂಗ ಹಾಕಿ ಬರಬೇಕಿಲ್ಲೇನವ್ವಾ? ಏನೂ ಒತ್ತದ ಕಾಗದಾನ ಡಬ್ಬ್ಯಾಗ ಹಾಕಿದ್ರ ಆಣಿ ಎಲ್ಲಿ ಮುರೀತಿತ್ತು?"

ಆಯಿ ಅವರ ಕೈಯಲ್ಲಿದ್ದ ಕಾಗದವನ್ನು ನೋಡಿದಳು.

"ಅದು ನನಗ ಹೊಳೀಲಿಲ್ಲೋ ಯಪ್ಪಾ."

ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಈಗ ಸಿಕ್ತಲ್ಲ. ಒಯ್ದು ಸಾಹೇಬರ ಮುಂದ ಇಡ್ರಿ. ಮುದಕೀಗೆ ತಿಳೀಲಿಲ್ಲ ಅನ್ರಿ."

"ಎಲ್ಲಿ ಸಿಕ್ತು ಅಂತ ಹೇಳ್ಲಿ?" ಅಪ್ಪನ ದನಿ ತೀರ ಸಣ್ಣಗಿತ್ತು. "ನನ್ನ ಕಿಸೇದಾಗ ಹುಡುಕಿದ್ದು ನನ್ನ ಮನ್ಯಾಗ ಸಿಕ್ತು ಅಂತೇನ? ಅಲ್ಲಿಂದ ಕದ್ದು ಒಯ್ದು ಈಗ ತಾಯಿ ಮ್ಯಾಲ ಹಾಕ್ಯಾನ ಅಂತಾರ."

"ನಾ ಬರ್ತೀನಿ," ಎಂದಳು ಆಯಿ. "ನನ್ನ ಕೈ ನೋಡ್ಲಿ ಅವರು, ಇದ ತಂದದ್ದು ಅಂತ ಹೇಳ್ತೀನಿ."

"ನಿನ್ನ ಕರ್ಕೊಂಡು ಹೋಗಿ ಜೈಲಿನ್ಯಾಗ ಕೂಡಿಸ್ತಾರಬೇ. ಸುಮ್ಮನಿರು."

ನಿರಪರಾಧಿ ಎಂದು ತೋರಿಸುವ ಒಂದೇ ವಸ್ತು ಅಪ್ಪನ ಕೈಯಲ್ಲಿತ್ತು, ಮತ್ತು ಅದು ಇರುವವರೆಗೆ ಅವರು ಅಪರಾಧಿ. ಅವ್ವ ಹಂಡೆಯ ಒಲೆಗೆ ಹಾಕೋಣ ಎಂದಳು. ಆಯಿ ಅಡ್ಡ ಬಂದಳು. ದೇವರ ಕೆಳಗೆ ಇದ್ದದ್ದನ್ನು ಬೆಂಕಿಗೆ ಹಾಕಬಾರದು, ನೀರಿಗೆ ಬಿಡಬೇಕು. ಇಂಥ ಹೊತ್ತಿನಲ್ಲೂ ಅಪ್ಪ ಅವಳ ಮಾತು ತೆಗೆದುಹಾಕಲಿಲ್ಲ. ತಾಮ್ರದ ತಂಬಿಗೆಯಲ್ಲಿ ನೀರು ತರಿಸಿ, ಹೊಸ್ತಿಲ ಒಳಗೆ ಕುಳಿತು, ಕಾಗದವನ್ನು ಚೂರು ಮಾಡಿ ನೀರಿಗೆ ಹಾಕಿ ಬೆರಳಿನಿಂದ ಕಲಸಿದರು. ಒಳ್ಳೆಯ ಕಾಗದ, ಬೇಗ ಕರಗಲಿಲ್ಲ. ಬಾಗಿಲಿಗೆ ಅಗಳಿ ಹಾಕಿ ನಾವು ಮೂವರೂ ಸುತ್ತ ಕುಳಿತು ನೋಡಿದೆವು. ಹೊರಗೆ ಯಾರೋ ಗೌರಕ್ಕನನ್ನು ಕರೆದರೂ ಅಪ್ಪನ ಬೆರಳು ನಿಲ್ಲುತ್ತಿತ್ತು. ಕೊನೆಗೆ ಅದು ಗಂಜಿಯಂತಾದಾಗ ಹಿತ್ತಿಲ ಬಿಲ್ವದ ಗಿಡದ ಬುಡಕ್ಕೆ ಸುರಿದು ಮೇಲೆ ಮಣ್ಣು ಎಳೆದರು.

ನಾನು ಸಾಯಲಿಲ್ಲ. ಆ ದಿನವೂ ಇಲ್ಲ, ಆ ವಾರವೂ ಇಲ್ಲ. ಮನೆಯಲ್ಲಿ ಅದನ್ನು ಗಮನಿಸಿದವಳು ನಾನೊಬ್ಬಳೇ. ಅಪ್ಪನ ನೌಕರಿಯೂ ಉಳಿಯಿತು. ಮೇಲಿನ ಕಚೇರಿಯವರು ಅವರ ವಿವರಣೆಯನ್ನು ಒಪ್ಪಿ ಒಂದು ಎಚ್ಚರಿಕೆ ಬರೆದು ಬಿಟ್ಟರು. ಆದರೆ ಅದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು, ಮತ್ತು ಆ ನಾಲ್ಕು ತಿಂಗಳು ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ನಾಲ್ವರೂ ಇದ್ದಲ್ಲೇ ನಿಲ್ಲುತ್ತಿದ್ದೆವು. ಇಂದಿಗೂ ಯಾರಾದರೂ ನನ್ನ ಮನಸ್ಸಿನಲ್ಲಿ ಏನಿದೆಯೆಂದು ಕೇಳಿದರೆ ಮೊದಲು ಬಾಗಿಲ ಕಡೆ ನೋಡುತ್ತೇನೆ. ಗೆಳತಿಯರು ಇದನ್ನು ಬಿಗುಮಾನ ಎನ್ನುತ್ತಾರೆ.

ಕಾಗದ ಕರಗಿಸಿದ ಸಂಜೆ ಅಪ್ಪ ವಿವರಣೆ ಬರೆದರು. ಕಚೇರಿಗೆ ಬರೆಯುವ ಯಾವುದೇ ಪತ್ರವನ್ನು ಕಳಿಸುವ ಮುಂಚೆ ನನ್ನಿಂದ ಗಟ್ಟಿಯಾಗಿ ಓದಿಸುವುದು ಅವರ ರೂಢಿಯಾಗಿತ್ತು. ನನ್ನ ಉಚ್ಚಾರ ತಿದ್ದಿದಂತೆಯೂ ಆಯಿತು, ಅವರ ತಪ್ಪು ಸಿಕ್ಕಂತೆಯೂ ಆಯಿತು. ಅಂದು ಓದಿಸಲಾರರು ಎಂದುಕೊಂಡಿದ್ದೆ. ಅವರು ಹಾಳೆಯನ್ನು ನನ್ನ ಕಡೆ ಸರಿಸಿದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಯಿ ನಡುಮನೆಯಿಂದ ಎದ್ದು ಬಂದು ಬಾಗಿಲಲ್ಲಿ ಕುಳಿತಳು. ನಾನು ಓದತೊಡಗಿದೆ. ಎಣಿಕೆ ಹೇಗೆ ನಡೆಯಿತು, ಎಷ್ಟು ಸಲ ಎಣಿಸಿದರು, ಯಾರಿಗೆ ತಿಳಿಸಿದರು, ಎಲ್ಲ ನಿಜ. ಕೊನೆಯ ಸಾಲಿಗೆ ಬಂದಾಗ ನಾಲಿಗೆ ತೊಡರಿತು.

"ಸದರಿ ಮತಪತ್ರವು ಎಲ್ಲಿದೆ ಎಂಬ ಬಗ್ಗೆ ನನಗಾಗಲಿ, ನನ್ನ ಕುಟುಂಬದ ಯಾರಿಗಾಗಲಿ... ಯಾವ..."

ಅಪ್ಪ ತಲೆ ಎತ್ತಲಿಲ್ಲ. ಅವರ ಬೆರಳ ಉಗುರುಗಳ ಸಂದಿನಲ್ಲಿ ಇನ್ನೂ ಬಿಳಿಯ ಕಾಗದದ ಹಿಟ್ಟು ಇತ್ತು.

"ಇನ್ನೊಮ್ಮೆ ಓದು," ಎಂದರು. "ಎಲ್ಲೂ ನಿಂದರಬ್ಯಾಡ."

ನಾನು ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಕೊನೆಯ ತನಕ ಓದಿದೆ. ಎಲ್ಲೂ ನಿಲ್ಲಲಿಲ್ಲ.